ಆಟದ ನಡುವೆ ಬಿಸಿಯೇರಿ ನಿಧಾನವಾಗುವ ಲ್ಯಾಪ್‌ಟಾಪ್‌ಗೆ ಪರಿಹಾರ

ಚಿಕ್ಕಮಗಳೂರಿನ ಚಳಿಯಲ್ಲಿಯೂ ಲ್ಯಾಪ್‌ಟಾಪ್ ಕಾದು ಕೆಂಡವಾಗುವುದೇಕೆ ಎಂದು ಹಲವರು ಕೇಳುತ್ತಾರೆ. ಹೊರಗಿನ ಹವೆ ಎಷ್ಟೇ ತಂಪಾಗಿದ್ದರೂ, ಗಾಳಿಯ ದಾರಿ ಮುಚ್ಚಿದ್ದರೆ ಒಳಗಿನ ಬಿಸಿ ಹೊರಬರಲಾರದು. ಸಾಮಾನ್ಯವಾಗಿ ಪ್ರೊಸೆಸರ್‌ನ ಉಷ್ಣತೆ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಹಾನಿಯಾಗದಂತೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಆಟ ತಡವರಿಸುತ್ತದೆ. ಆದ್ದರಿಂದ ಮೊದಲು ಉಷ್ಣತೆ ತೋರಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿಕೊಂಡು, ಕಾರಣ ಬಿಸಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಕಂಬಳಿಯ ಮೇಲಿಟ್ಟು ಆಡುವ ಅಭ್ಯಾಸವನ್ನು ಬಿಟ್ಟು, ಗಟ್ಟಿ ಮೇಜಿನ ಮೇಲೆ ಹಿಂಬದಿಯನ್ನು ತುಸು ಎತ್ತರಿಸಿ ಇಡಿ.

ನಿಜವಾದ ಕೆಲಸವಿರುವುದು ದೂಳಿನಲ್ಲಿ. ಕಾಫಿ ಒಣಗಿಸುವ ಕಣದ ಪಕ್ಕದ ಮನೆಗಳಲ್ಲಿ, ಕೊಯ್ಲಿನ ತಿಂಗಳುಗಳಲ್ಲಂತೂ, ಅದು ಬೇಗನೆ ತುಂಬಿಕೊಳ್ಳುತ್ತದೆ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿ, ಬ್ಯಾಟರಿಯ ಸಂಪರ್ಕ ಕಳಚಿದ ಮೇಲೆ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಒರೆಸಬೇಕು. ಫ್ಯಾನ್‌ಗೂ ಲೋಹದ ತೆಳು ಪಟ್ಟಿಗಳಿಗೂ ನಡುವೆ ಬಟ್ಟೆಯಂತೆ ಹೆಪ್ಪುಗಟ್ಟಿದ ದೂಳನ್ನು ಚಿಮುಟದಿಂದ ಎಳೆದು ತೆಗೆಯಬೇಕು. ಬಾಯಿಂದ ಊದಬಾರದು, ಎಂಜಲಿನ ತೇವ ಒಳಗೆ ಸೇರುತ್ತದೆ.

ಅಷ್ಟಾದರೂ ಬಿಸಿ ಇಳಿಯದಿದ್ದರೆ, ಪ್ರೊಸೆಸರ್‌ನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಲೇಪ, ಅಂದರೆ ಒಣಗಿದ ಥರ್ಮಲ್ ಪೇಸ್ಟ್, ಬದಲಿಸಬೇಕಾಗುತ್ತದೆ. ಕೈ ಪಳಗದವರು ಇದನ್ನು ರಿಪೇರಿ ಅಂಗಡಿಗೆ ಬಿಡುವುದೇ ಲೇಸು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇಕಡಾ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ವೇಗ (ಪ್ರೊಸೆಸರ್ ತಾನಾಗಿ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತು ಬಿಸಿ ಕಡಿಮೆಯಾಗುತ್ತದೆ; ಆಟದಲ್ಲಿ ಫ್ರೇಮ್‌ಗಳನ್ನು (ತೆರೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳನ್ನು) ಸೆಕೆಂಡಿಗೆ 60ಕ್ಕೆ ಸೀಮಿತಗೊಳಿಸುವುದೂ ನೆರವಾಗುತ್ತದೆ.