ನಿದ್ರೆಯಿಂದೆದ್ದ ಕಂಪ್ಯೂಟರ್, ಏಳದ ಮಾನಿಟರ್

ಸ್ಲೀಪ್‌ಗೆ ಹೋದ ಡೆಸ್ಕ್‌ಟಾಪನ್ನು ಎಬ್ಬಿಸಿದರೂ ಮಾನಿಟರ್ ಕಪ್ಪಾಗಿಯೇ ಉಳಿದರೆ, ದೋಷ ಎಲ್ಲಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಕ್ಯಾಪ್ಸ್ ಲಾಕ್ ಒತ್ತಿದಾಗ ಕೀಬೋರ್ಡಿನ ದೀಪ ಹೊತ್ತಿ ಆರುತ್ತಿದ್ದರೆ ಕಂಪ್ಯೂಟರ್ ಎದ್ದಿದೆ, ಚಿತ್ರ ಮಾತ್ರ ಪರದೆಗೆ ತಲುಪುತ್ತಿಲ್ಲ ಎಂದರ್ಥ. ದೀಪ ಸ್ಪಂದಿಸದಿದ್ದರೆ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರವನ್ನು ನಿಭಾಯಿಸುವ ತಂತ್ರಾಂಶ) ಮತ್ತು ಬಯೋಸ್ (ಮದರ್‌ಬೋರ್ಡಿನಲ್ಲಿರುವ ಮೂಲ ತಂತ್ರಾಂಶ) ಇವುಗಳ ನವೀಕರಣದತ್ತ ಗಮನ ಹರಿಸುವುದು ಸೂಕ್ತ. ಕೀಬೋರ್ಡನ್ನು ಮಾನಿಟರಿನ ಯುಎಸ್‌ಬಿ ಪೋರ್ಟ್‌ಗೆ ಜೋಡಿಸಿದ್ದರೆ ಮಾತ್ರ ಈ ಪರೀಕ್ಷೆಯನ್ನು ನಂಬುವಂತಿಲ್ಲ.

ಕಂಪ್ಯೂಟರ್ ಎದ್ದಿದ್ದರೆ, ವಿಂಡೋಸ್ ಬಳಸುವವರು ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಬೇಕು. ಗ್ರಾಫಿಕ್ಸ್ ಡ್ರೈವರ್ ಮರುಪ್ರಾರಂಭವಾಗಿ ಎಷ್ಟೋ ಸಲ ಚಿತ್ರ ಮರಳುತ್ತದೆ. ಆದರೆ ಇದು ತಾತ್ಕಾಲಿಕ ಶಮನವಷ್ಟೇ. ಡಿಸ್‌ಪ್ಲೇಪೋರ್ಟ್ ಎಂಬ ಬಗೆಯ ಕೇಬಲ್ ಮೂಲಕ ಜೋಡಿಸಿದ ಕೆಲವು ಮಾನಿಟರ್‌ಗಳು ವಿದ್ಯುತ್ ಉಳಿಸುವ ಡೀಪ್ ಸ್ಲೀಪ್ ಸ್ಥಿತಿಗೆ ಇಳಿದಾಗ ಕೇಬಲನ್ನೇ ಕಿತ್ತಂತೆ ಕಂಪ್ಯೂಟರಿಗೆ ತೋರುವುದರಿಂದ, ಮಾನಿಟರಿನ ಮೆನುವಿನಲ್ಲಿ ಆ ಆಯ್ಕೆಯನ್ನು ನಿಲ್ಲಿಸಿ, ಇನ್‌ಪುಟ್ ಅನ್ನು ‘ಆಟೋ’ ಬದಲು ಬಳಕೆಯಲ್ಲಿರುವ ಪೋರ್ಟ್‌ಗೇ ನಿಗದಿಪಡಿಸಬೇಕು. ಹೊಸ ಕೇಬಲ್ ಕೊಳ್ಳುವ ಯೋಚನೆ ಇದಾದ ನಂತರವೇ ಬರಲಿ.

ಇದಕ್ಕೆ ವಿರುದ್ಧವಾಗಿ ಕಂಪ್ಯೂಟರ್ ತಾನಾಗಿಯೇ ಏಳುತ್ತಿದ್ದರೆ, ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ ಪವರ್ ಟ್ರಬಲ್‌ಶೂಟರ್ ದಾಖಲೆಯನ್ನು ಪರಿಶೀಲಿಸಬೇಕು; ಎಬ್ಬಿಸಿದ ಸಾಧನ ಯಾವುದೆಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಅದು ಮೌಸ್ ಅಥವಾ ನೆಟ್‌ವರ್ಕ್ ಕಾರ್ಡ್ ಆಗಿದ್ದರೆ, ಸಾಧನಗಳ ಪಟ್ಟಿಯಿರುವ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟವನ್ನು ತೆರೆದು, ಕಂಪ್ಯೂಟರನ್ನು ಎಬ್ಬಿಸುವ ಅನುಮತಿಯ ಗುರುತನ್ನು ತೆಗೆದುಹಾಕಬೇಕು.