ಶುಂಠಿಯಿಂದ ಹೆಪ್ಪುಗಟ್ಟುವ ಹಾಲು: ಗುವಾಂಗ್‌ಝೌನಲ್ಲಿ ನಾನು ಕಲಿತ ಸಿಹಿ

ಶಿರಸಿಯ ನಮ್ಮ ಮನೆಯಲ್ಲಿ ಶುಂಠಿ ಚಹಾ ಮಾಡುವಾಗ ಆಯಿ ಜಜ್ಜಿದ ಶುಂಠಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿಕೊಂಡ ಮೇಲೆಯೇ ಹಾಲು ಹಾಕುತ್ತಿದ್ದಳು. ಹಸಿ ಶುಂಠಿ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ ಎಂಬುದಕ್ಕಿಂತ ಹೆಚ್ಚಿನ ಕಾರಣ ನನಗೆ ತಿಳಿದಿರಲಿಲ್ಲ. ನಾವು ಅಷ್ಟು ಎಚ್ಚರದಿಂದ ತಪ್ಪಿಸುವ ಈ ಒಡೆಯುವಿಕೆಯನ್ನೇ ದಕ್ಷಿಣ ಚೀನಾದ ಜನರು ಬೇಕೆಂದೇ ಮಾಡಿಕೊಂಡು, ಬಟ್ಟಲಲ್ಲಿ ಮೃದುವಾದ ಗಿಣ್ಣದಂತಹ ಸಿಹಿಯಾಗಿ ತಿನ್ನುತ್ತಾರೆಂಬುದು ಗೊತ್ತಾದದ್ದು ಕೆಲಸದ ನಿಮಿತ್ತ ಗುವಾಂಗ್‌ಝೌನಲ್ಲಿ ನೆಲೆಸಿದ ಮೇಲೆ.

ಸಸ್ಯಾಹಾರಿಯಾದ ನನಗೆ ಅಲ್ಲಿನ ಊಟಕ್ಕಿಂತ ಸಿಹಿಯಂಗಡಿಗಳೇ ಹೆಚ್ಚು ಆಸರೆಯಾದವು. ಆ ಊರಿನವರು ‘ಸಕ್ಕರೆ ನೀರು’ ಎಂಬ ಅರ್ಥದ ಒಂದೇ ಹೆಸರಿನಲ್ಲಿ ಕರೆಯುವ ಸಿಹಿ ಗಂಜಿಗಳಲ್ಲಿ ಕರಿ ಎಳ್ಳಿನದು, ಹೆಸರುಕಾಳಿನದು, ಕೆಂಪು ಅವರೆಯಂತಹ ಕಾಳಿನದು ಎಲ್ಲವೂ ಸಿಗುತ್ತವೆ. ಆದರೆ ಅಲ್ಲಿಯೂ ಕೇಳಿಯೇ ತಿನ್ನಬೇಕಾಗಿತ್ತು. ಕಪ್ಪಗೆ ಹೊಳೆಯುವ ಗ್ವೇಲಿಂಗಾವ್ ಎಂಬ ಕಹಿ ಜೆಲ್ಲಿಗೆ ಸಾಂಪ್ರದಾಯಿಕವಾಗಿ ಆಮೆಯ ಚಿಪ್ಪನ್ನು ಕುದಿಸಿ ಹಾಕುತ್ತಾರೆ. ಪಕ್ಕದ ಶುಂದೆಯಿಂದ ಬಂದ, ಎರಡು ಪದರ ಕೆನೆಯ ಹೆಸರುವಾಸಿ ಹಾಲಿನ ಸಿಹಿಗೆ ಮೊಟ್ಟೆಯ ಬಿಳಿ ಬೇಕೇ ಬೇಕು. ಬೀದಿಯ ಮೂಲೆಗಳಲ್ಲಿ ಮಾರುವ ‘ಲಿಯಾಂಗ್‌ಛಾ’ ಹೆಸರಿಗೆ ತಂಪು ಚಹಾ, ಆದರೆ ಅದರಲ್ಲಿ ಚಹಾ ಸೊಪ್ಪು ಇರಲೇಬೇಕೆಂದಿಲ್ಲ. ಅದು ಬೇರು, ಎಲೆ, ಹೂವುಗಳ ಕಷಾಯ; ಅದರಲ್ಲಿ ‘ಇಪ್ಪತ್ನಾಲ್ಕು ರುಚಿ’ ಎಂಬುದನ್ನು ಕುಡಿದರೆ ನಮ್ಮ ಕಿರಾತಕಡ್ಡಿಯ ನೆನಪಾಗುತ್ತದೆ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದು, ಹಾಲು, ಸಕ್ಕರೆ, ಶುಂಠಿ ಈ ಮೂರನ್ನು ಬಿಟ್ಟು ಬೇರೇನೂ ಇಲ್ಲದ ಸಿಹಿಯೊಂದರ ಬಳಿ ನಾನು ನಿಂತೆ. ಮ್ಯಾಂಡರಿನ್‌ನಲ್ಲಿ ಅದರ ಹೆಸರು ‘ಜಿಯಾಂಗ್ ಝುವಾಂಗ್ ನೈ’, ಅಂದರೆ ಶುಂಠಿ ಡಿಕ್ಕಿ ಹೊಡೆದ ಹಾಲು.

ಈ ಸಿಹಿಗೆ ಹೆಸರಾದ ಊರು ಗುವಾಂಗ್‌ಝೌನ ದಕ್ಷಿಣಕ್ಕಿರುವ ಪನ್ಯೂ ಜಿಲ್ಲೆಯ ಶಾವಾನ್. ಅಲ್ಲಿ ಸಾಂಪ್ರದಾಯಿಕವಾಗಿ ಎಮ್ಮೆಯ ಹಾಲನ್ನೇ ಬಳಸುತ್ತಾರೆ. ಕೆಮ್ಮಿನಿಂದ ನರಳುತ್ತಿದ್ದ ಮುದುಕಿಯೊಬ್ಬಳಿಗೆ ಶುಂಠಿ ರಸದ ಖಾರ ತಾಳಲಾಗದೆ ಹೋದಾಗ ಸೊಸೆ ಅದಕ್ಕೆ ಬಿಸಿ ಹಾಲು ಸುರಿದಳು, ಹಾಲು ಗಟ್ಟಿಯಾಯಿತು ಎಂಬ ಕತೆಯನ್ನು ಅಲ್ಲಿ ಹೇಳುತ್ತಾರೆ. ನನಗೆ ಕಲಿಸಿದವರು ಅಲ್ಲಿನ ಪುಟ್ಟ ಅಂಗಡಿಯೊಂದರ ಹಿರಿಯ ಹೆಂಗಸು. ಆ ವಯಸ್ಸಿನವರನ್ನು ಅಲ್ಲಿ ‘ಅಯಿ’ ಎಂದು ಕರೆಯುತ್ತಾರೆ, ಅಂದರೆ ಚಿಕ್ಕಮ್ಮ; ತಾಯಿಯನ್ನು ಆಯಿ ಎನ್ನುವ ಮನೆಯಲ್ಲಿ ಬೆಳೆದ ನನಗೆ ಆ ಕರೆ ಮೊದಲ ದಿನದಿಂದಲೇ ಸಲೀಸಾಗಿತ್ತು. ಅವರು ಅಳತೆಯನ್ನು ಹೇಳಲಿಲ್ಲ, ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರಷ್ಟೇ.

ನೋಡಿದಾಗ ಸುಲಭವೆನಿಸಿದ್ದು ನನ್ನ ಒಲೆಯ ಮುಂದೆ ಮೂರು ಸಲ ಕೆಟ್ಟಿತು. ಮೊದಲ ಸಲ ಉಕ್ಕಿದ ಹಾಲನ್ನು ಹಾಗೆಯೇ ಸುರಿದೆ. ಅದು ಖಾರದ ಹಾಲಾಗಿಯೇ ಉಳಿಯಿತು. ಎರಡನೆಯ ಸಲ ಬೆಳಿಗ್ಗೆಯೇ ರಸ ಹಿಂಡಿಟ್ಟು ಸಂಜೆ ಬಳಸಿದೆ, ಆಗಲೂ ಗಟ್ಟಿಯಾಗಲಿಲ್ಲ. ಮೂರನೆಯ ಸಲ ಎಲ್ಲವೂ ಸರಿಯಿತ್ತು, ಆದರೆ ರಸ ಬೆರೆಯಲೆಂದು ಚಮಚದಿಂದ ಕದಡಿಬಿಟ್ಟೆ, ಹಾಲು ಕಾಳುಕಾಳಾಗಿ ಒಡೆಯಿತು. ಕಾರಣ ಹುಡುಕಿದಾಗ ಆಯಿಯ ಚಹಾದ ಗುಟ್ಟೂ ಜೊತೆಗೇ ಬಿಚ್ಚಿಕೊಂಡಿತು. ರಸದ ತಳದಲ್ಲಿ ಬೆಳ್ಳಗೆ ಇಳಿಯುವ ಹಿಟ್ಟಿನಿಂದ ಹಾಲು ಗಟ್ಟಿಯಾಗುತ್ತದೆಂದು ಅಲ್ಲಿ ಅನೇಕರು ನಂಬಿದ್ದಾರೆ. ನಿಜವಾದ ಕೆಲಸ ಮಾಡುವುದು ಹಸಿ ಶುಂಠಿಯಲ್ಲಿರುವ, ಪ್ರೋಟೀನನ್ನು ತುಂಡರಿಸುವ ಕಿಣ್ವ. ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಲೆಂದು ಹಾಕುವ ರೆನೆಟ್ ಮಾಡುವಂತೆಯೇ ಅದು ಹಾಲಿನ ಕೇಸಿನ್ ಎಂಬ ಪ್ರೋಟೀನಿನ ಕಣಗಳನ್ನು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡುತ್ತದೆ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಚುರುಕಾಗಿರುವ ಆ ಕಿಣ್ವ ಕುದಿಸಿದರೆ ಸಾಯುತ್ತದೆ, ಹಿಂಡಿ ಇಟ್ಟ ರಸದಲ್ಲಿಯೂ ಬೇಗ ಕ್ಷೀಣಿಸುತ್ತದೆ. ಆಯಿ ಶುಂಠಿಯನ್ನು ಮೊದಲು ಕುದಿಸಿ ಕೊಂದಿದ್ದು ಇದನ್ನೇ.

ಈಗ ನಾನು ಮಾಡುವ ಕ್ರಮ ಹೀಗಿದೆ. ನಾರು ಬಲಿತ ಹಳೆಯ ಶುಂಠಿಯ ಸಿಪ್ಪೆ ತೆಗೆದು, ನುಣ್ಣಗೆ ತುರಿದು, ತೆಳುಬಟ್ಟೆಯಲ್ಲಿ ಹಿಂಡಿ ಬಟ್ಟಲಿಗೊಂದು ದೊಡ್ಡ ಚಮಚ ರಸ ಹಾಕಿಕೊಳ್ಳುತ್ತೇನೆ. ಈ ಕೆಲಸಕ್ಕೆ ಕೈಹಾಕುವುದು ಹಾಲು ಬಿಸಿಯಾದ ಮೇಲೆಯೇ. 200 ಮಿಲಿಲೀಟರ್ ಗಟ್ಟಿ ಹಾಲಿಗೆ ಎರಡು ಸಣ್ಣ ಚಮಚ ಸಕ್ಕರೆ ಕರಗಿಸಿ, ಕಾಯಿಸಿ ಕೆಳಗಿಳಿಸಿ, ಥರ್ಮಾಮೀಟರು 70ರ ಆಸುಪಾಸು ತೋರಿಸುವವರೆಗೆ ಕಾಯುತ್ತೇನೆ. ಬಟ್ಟಲಿನ ರಸವನ್ನು ಒಮ್ಮೆ ಕದಡಿ, ಹಾಲನ್ನು ಒಂದು ಗೇಣು ಎತ್ತರದಿಂದ ಒಂದೇ ಧಾರೆಯಾಗಿ, ತಡೆಯದೆ ಸುರಿಯುತ್ತೇನೆ. ಆ ಸುರಿಯುವ ರಭಸವೇ ಬೆರೆಸುವ ಕೆಲಸವನ್ನೂ ಮಾಡುತ್ತದೆ, ಹೆಸರಿನಲ್ಲಿರುವ ‘ಡಿಕ್ಕಿ’ಯೂ ಅದೇ. ಆಮೇಲೆ ಬಟ್ಟಲನ್ನು ಮುಟ್ಟುವಂತಿಲ್ಲ. ಐದಾರು ನಿಮಿಷದ ನಂತರ ಮೇಲೆ ಹಗುರವಾದ ಚಮಚವೊಂದನ್ನು ಇಟ್ಟರೆ ಅದು ಮುಳುಗದೆ ನಿಲ್ಲಬೇಕು. ಶಾವಾನ್‌ನ ಅಯಿ ಗಿರಾಕಿಗಳ ಮುಂದೆ ಹಾಗೆಯೇ ಇಟ್ಟು ತೋರಿಸುತ್ತಿದ್ದರು. ತಿಂಗಳುಗಟ್ಟಲೆ ಕೆಡದ ಡಬ್ಬದ ಹಾಲಿನಿಂದ ನನಗೆ ಒಮ್ಮೆಯೂ ಚೆನ್ನಾಗಿ ಬಂದಿಲ್ಲ.

ರಜೆಗೆ ಊರಿಗೆ ಬಂದಾಗ ಕೊಟ್ಟಿಗೆಯ ಎಮ್ಮೆಯ ಹಾಲಿನಲ್ಲಿ ಮಾಡಿದೆ. ಗುವಾಂಗ್‌ಝೌನ ಅಂಗಡಿಯಿಂದ ತಂದ ಹಾಲಿಗಿಂತ ಅದು ಎಷ್ಟೋ ಬಿಗಿಯಾಗಿ ಕೂತಿತು. ಬೇಕೆಂದೇ ಹಾಲು ಒಡೆಸುತ್ತಿದ್ದೇನೆಂದು ಮೊದಲು ಗೊಣಗಿದ ಆಯಿ, ಒಂದು ಚಮಚ ತಿಂದು, “ಗಿಣ್ಣದ ಹಂಗೇ ಇದ್ದು, ಆದ್ರೆ ಏಲಕ್ಕಿ ಇಲ್ಲೆ” ಎಂದಳು. ಮಿಕ್ಕ ಒಂದು ಬಟ್ಟಲನ್ನು ಅವಳು ಅಪ್ಪನಿಗೆಂದು ಫ್ರಿಜ್ಜಿನಲ್ಲಿ ಮುಚ್ಚಿಟ್ಟಳು. ಬೆಳಗಾಗುವಷ್ಟರಲ್ಲಿ ಅದು ನೀರು ಬಿಟ್ಟು ಸಡಿಲವಾಗಿ, ಸ್ವಲ್ಪ ಕಹಿಯೂ ಆಗಿತ್ತು, ಏಕೆಂದರೆ ಹಾಲು ಗಟ್ಟಿಯಾದ ಮೇಲೂ ಕಿಣ್ವ ಸುಮ್ಮನಿರುವುದಿಲ್ಲ. ಅಪ್ಪನಿಗೆ ಹೊಸದಾಗಿ ಶುಂಠಿ ತುರಿಯಬೇಕಾಯಿತು.