ಥೈರಾಯ್ಡ್ ಮಾತ್ರೆ ತಗೊಳ್ಳೋದು ಹೇಗೆ? ಕಾಫಿ ಸ್ವಲ್ಪ ಹೊತ್ತು ಕಾಯ್ಲಿ

ಟಿಎಸ್‌ಎಚ್ ಜಾಸ್ತಿ ಬಂದಿದೆ ಅಂದ ತಕ್ಷಣ ಥೈರಾಯ್ಡ್ ಜಾಸ್ತಿ ಆಗಿದೆ ಅಂದ್ಕೊಳ್ಳೋರೇ ಹೆಚ್ಚು. ಸಾಮಾನ್ಯವಾಗಿ ಆಗಿರೋದು ಉಲ್ಟಾ. ಹಾಗಾಗಿ ಮಾತ್ರೆ ಶುರು ಮಾಡೋಕೆ ಮೊದಲು ರಿಪೋರ್ಟ್ ಅರ್ಥ ಮಾಡ್ಕೊಳ್ಳಿ. ಟಿಎಸ್‌ಎಚ್ ಬರೋದು ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಇರೋ ಪಿಟ್ಯುಟರಿ ಗ್ರಂಥಿಯಿಂದ, ಕತ್ತಿನ ಮುಂದಿರೋ ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳೋ ಹಾರ್ಮೋನು ಅದು. ಥೈರಾಯ್ಡ್ ತನ್ನ ಹಾರ್ಮೋನುಗಳಾದ ಟಿ4, ಟಿ3ನ ಸಾಕಷ್ಟು ಮಾಡ್ತಿಲ್ಲ ಅಂದ್ರೆ ಪಿಟ್ಯುಟರಿ ಟಿಎಸ್‌ಎಚ್‌ನ ಏರಿಸ್ತಾನೇ ಹೋಗುತ್ತೆ. ಎದೆಬಡಿತ, ಜೀರ್ಣ, ಮೈಬಿಸಿ, ಮುಟ್ಟು ಎಲ್ಲದರ ವೇಗ ಈ ಟಿ3, ಟಿ4 ಕೈಲಿರೋದ್ರಿಂದ ಇವು ಕಮ್ಮಿ ಆದಾಗ ಸುಸ್ತು, ಮಲಬದ್ಧತೆ, ಚಳಿ ತಡೆಯೋಕಾಗದೇ ಇರೋದು, ಕೂದಲುದುರೋದು ಎಲ್ಲಾ ಒಟ್ಟಿಗೇ ಬರುತ್ತೆ.

ಮಾತ್ರೆಯಲ್ಲಿರೋದು ಲಿವೋಥೈರಾಕ್ಸಿನ್, ಅಂದ್ರೆ ನಮ್ಮ ಮೈಯೇ ಮಾಡ್ಬೇಕಿದ್ದ ಟಿ4. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಲ್ ಈ ಹಾರ್ಮೋನನ್ನ ಮೊದಲ ಸಲ ಶುದ್ಧವಾಗಿ ಬೇರ್ಪಡಿಸಿದ್ದು 1914ರಲ್ಲಿ. ಬಾಟಲಿ ಮೇಲಿರೋ 25, 50, 100 ಎಲ್ಲಾ ಮೈಕ್ರೋಗ್ರಾಂ, ಅಂದ್ರೆ ಮಿಲಿಗ್ರಾಂನ ಸಾವಿರದಲ್ಲೊಂದು ಭಾಗದ ಲೆಕ್ಕ. ಡೋಸೇ ಇಷ್ಟು ಚಿಕ್ಕದಾದ್ರಿಂದ ಕರುಳು ಸ್ವಲ್ಪ ಕಮ್ಮಿ ಹೀರ್ಕೊಂಡ್ರೂ ರಿಪೋರ್ಟ್‌ನಲ್ಲಿ ಗೊತ್ತಾಗುತ್ತೆ.

ಬೆಳಿಗ್ಗೆ ಎದ್ದು ಬರೀ ಹೊಟ್ಟೇಲಿ ಬರೀ ನೀರಿನ ಜೊತೆ ಮಾತ್ರೆ ನುಂಗಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ, ಕಾಫೀನೂ ಬೇಡ. ನಮ್ಮ ಕಡೆ ಎಡವಟ್ಟಾಗೋದು ಇಲ್ಲೇ. ನಮ್ಮ ಚಿಕ್ಕಮ್ಮ ಡಿಕಾಕ್ಷನ್ ಇಳಿಯೋಕೆ ಬಿಟ್ಟು, ಹಾಲು ಕಾಯಿಸಿ, ಮೊದಲನೇ ಗುಟುಕಿನ ಜೊತೇಲೇ ಮಾತ್ರೆ ಹಾಕ್ಕೊಳ್ತಿದ್ರು, ಡೋಸ್ ಏರಿಸಿದ್ರೂ ಟಿಎಸ್‌ಎಚ್ ಇಳೀತಿರ್ಲಿಲ್ಲ. ಕಾಫಿ ಬಿಡೋಕಾಗಲ್ಲ ಅಂದಾಗ ಡಾಕ್ಟರು ರಾತ್ರಿ ಮಲಗೋ ಹೊತ್ತಿಗೆ ಬದಲಾಯಿಸಿದ್ರು, ಊಟ ಆಗಿ ಮೂರು ಗಂಟೆ ಕಳೆದಿರಬೇಕು ಅಷ್ಟೇ. ನಿಮಗೂ ಬೆಳಿಗ್ಗೆ ಆಗಿಬರಲ್ಲ ಅಂದ್ರೆ ಕೇಳಿ ನೋಡಿ, ಕಾಫಿ ಜೊತೆ ನುಂಗೋದಕ್ಕಿಂತ ಇದು ಎಷ್ಟೋ ವಾಸಿ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ರೆ ನಾಲ್ಕು ಗಂಟೆ ಅಂತರ ಇಡ್ಲೇಬೇಕು, ಅವು ಹೊಟ್ಟೇಲೇ ಥೈರಾಕ್ಸಿನ್‌ಗೆ ಅಂಟ್ಕೊಂಡು ರಕ್ತಕ್ಕೆ ಹೋಗೋಕೆ ಬಿಡಲ್ಲ. ಗ್ಯಾಸ್ ಮಾತ್ರೆ ರೆಗ್ಯುಲರ್ ಆಗಿ ತಗೊಳ್ತಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ.

ಒಂದಿನ ಬೆಳಿಗ್ಗೆ ಮರೆತ್ರೆ ಗಾಬರಿ ಬೇಡ, ಅದೇ ದಿನ ಹೊಟ್ಟೆ ಖಾಲಿ ಇದ್ದಾಗ ತಗೊಳ್ಳಿ. ರಕ್ತದಲ್ಲಿರೋ ಟಿ4 ಅರ್ಧಕ್ಕಿಳಿಯೋಕೇ ಸುಮಾರು ಒಂದು ವಾರ ಬೇಕು. ಇದೇ ಕಾರಣಕ್ಕೆ ಡೋಸ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಟೆಸ್ಟ್ ಮಾಡ್ಸೋದು, ಹತ್ತೇ ದಿನಕ್ಕೆ ಲ್ಯಾಬಿಗೆ ಓಡಿದ್ರೆ ದುಡ್ಡು ದಂಡ. ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೊಳ್ತಿದ್ರೆ ಟೆಸ್ಟಿಗೆ ಎರಡು ದಿನ ಮುಂಚೆ ನಿಲ್ಲಿಸಿ, ಇಲ್ದಿದ್ರೆ ರಿಪೋರ್ಟೇ ತಪ್ಪು ಬರಬಹುದು.

ರಿಪೋರ್ಟ್ ನಾರ್ಮಲ್ ಬಂತು ಅಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ, ದಯವಿಟ್ಟು. ನಾರ್ಮಲ್ ಆಗಿರೋದೇ ಮಾತ್ರೆಯಿಂದ. ತೂಕ ಇಳೀಲಿ ಅಂತ ಜಾಸ್ತಿ ತಗೊಳ್ಳೋದು ಇನ್ನೂ ಅಪಾಯ, ಎದೆಬಡಿತ ಹದ ತಪ್ಪುತ್ತೆ, ಮೂಳೆ ಸವೆಯುತ್ತೆ.

ಬಸುರಿ ಅಂತ ಗೊತ್ತಾದ್ರೆ ಮುಂದಿನ ಚೆಕಪ್‌ವರೆಗೂ ಕಾಯದೇ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮೊದಲ ಮೂರು ತಿಂಗಳು ಮಗುವಿನ ಮೆದುಳು ಬೆಳೆಯೋದು ಅಮ್ಮನ ಹಾರ್ಮೋನ್ ನಂಬ್ಕೊಂಡು, ಹಾಗಾಗಿ ಮುಂಚಿನಿಂದ ಮಾತ್ರೆ ತಗೊಳ್ತಿರೋ ಬಹಳಷ್ಟು ಜನಕ್ಕೆ ಡೋಸ್ ಏರಿಸ್ಬೇಕಾಗುತ್ತೆ. ಕಬ್ಬಿಣ, ಕ್ಯಾಲ್ಸಿಯಂ ಕೊಡೋದೂ ಬಸುರಿಯಲ್ಲೇ, ಅವೆರಡನ್ನೂ ಒಟ್ಟಿಗೆ ನುಂಗಬಾರದು ಬೇರೆ, ಅದಕ್ಕೆ ಹೀಗೆ ಹಂಚ್ಕೊಂಡ್ರೆ ಸುಲಭ: ಬೆಳಿಗ್ಗೆ ಎದ್ದ ತಕ್ಷಣ ಥೈರಾಯ್ಡ್, ಮಧ್ಯಾಹ್ನ ಕಬ್ಬಿಣ, ರಾತ್ರಿ ಊಟ ಆದ್ಮೇಲೆ ಕ್ಯಾಲ್ಸಿಯಂ.